ಖಾಲಿ ಸಂಖ್ಯೆಗಳ ಚರಿತ್ರೆ

1996ರ ಫೆಬ್ರವರಿ 27ರಂದು ಜಪಾನಿನ ಅಂಗಡಿಗಳಿಗೆ ಎರಡು ವಿಡಿಯೋ ಗೇಮ್‌ಗಳು ಬಂದವು. ಒಂದು ಕೆಂಪು, ಇನ್ನೊಂದು ಹಸಿರು. ಎರಡಕ್ಕೂ ಹೆಸರು ಪೋಕೆಮಾನ್. ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರದಲ್ಲಿ ಆಡುವ ಆಟವಿದು. ಆಟಗಾರ ಊರೂರು ತಿರುಗಿ ವಿಚಿತ್ರ ಜೀವಿಗಳನ್ನು ಹಿಡಿಯಬೇಕು, ಪಳಗಿಸಬೇಕು, ಇತರರ ಜೀವಿಗಳೊಡನೆ ಕಾದಾಡಿಸಬೇಕು. ಟಿವಿ ಕಾರ್ಟೂನಿನ ದೆಸೆಯಿಂದ ಈ ಜೀವಿಗಳಲ್ಲೊಂದಾದ ಹಳದಿ ಬಣ್ಣದ ಪಿಕಾಚು ನಮ್ಮ ಮನೆಗಳ ಮಕ್ಕಳಿಗೂ ಪರಿಚಿತ. ಹಿಡಿಯಲು 150 ಜೀವಿಗಳಿವೆ ಎಂದು ಆಟಗಾರನಿಗೆ ತಿಳಿಸಲಾಗಿತ್ತು. ಆದರೆ ಆಟದ ಒಳಗಿನ ಪಟ್ಟಿಯಲ್ಲಿದ್ದ ಸಂಖ್ಯೆಗಳು 190. ಅವುಗಳಲ್ಲಿ 151ಕ್ಕೆ ಒಂದೊಂದು ಜೀವಿ ಇತ್ತು. ಉಳಿದ 39 ಸಂಖ್ಯೆಗಳ ಮುಂದೆ ಜೀವಿಯ ಹೆಸರೇ ಇರಲಿಲ್ಲ.

ಈ 39 ಖಾಲಿ ಸಂಖ್ಯೆಗಳ ಬಗ್ಗೆ, ಹಾಗೆಯೇ ಹಳೆಯ ಆಟಗಳ ಒಳಗೆ ಯಾರ ಕಣ್ಣಿಗೂ ಬೀಳದಂತೆ ಉಳಿದುಹೋದ ವಸ್ತುಗಳ ಬಗ್ಗೆ ನಾವು ಇಲ್ಲಿ ಬರೆಯಬಯಸುತ್ತೇವೆ. ಮಕ್ಕಳ ಆಟಕ್ಕೂ ಒಂದು ಚರಿತ್ರೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಈ ಮೊದಲ ಆಟಗಳು ಮಾತ್ರವೇ ಜಗತ್ತಿನಾದ್ಯಂತ ಮೂರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿವೆ. ಒಂದು ಪುಸ್ತಕ ಅಷ್ಟು ಮಾರಾಟವಾಗಿದ್ದರೆ ಅದರ ಹಸ್ತಪ್ರತಿ, ಅದರಲ್ಲಿನ ಚಿತ್ತು-ಕಾಟುಗಳನ್ನೆಲ್ಲ ವಿದ್ವಾಂಸರು ಭೂತಗನ್ನಡಿ ಹಿಡಿದು ಓದುತ್ತಿದ್ದರು. ಆಟದ ಕರಡುಗಳನ್ನು ಮಾತ್ರ ಕಂಪನಿಗಳು ಹೊರಗಿನವರಿಗೆ ತೋರಿಸುವುದಿಲ್ಲ. ಹೀಗಿರುವಾಗ ಆಟ ಹೇಗೆ ಹುಟ್ಟಿತು, ಯಾವುದು ಮೊದಲು ಬಂತು, ಯಾವುದನ್ನು ಕೈಬಿಡಲಾಯಿತು ಎಂದು ತಿಳಿಯಲು ಉಳಿದಿರುವ ದಾಖಲೆ ಒಂದೇ. ಅದು ಅಂಗಡಿಯಲ್ಲಿ ಮಾರಾಟವಾದ ಕಾರ್ಟ್ರಿಜ್. ಆ ಕಾರ್ಟ್ರಿಜ್‌ನ ಒಳಗಿನ ಖಾಲಿ ಜಾಗಗಳು ತುಂಬಿದ ಜಾಗಗಳಿಗಿಂತ ಹೆಚ್ಚು ಮಾತಾಡುತ್ತವೆ.

ಮೊದಲು ಈ ಖಾಲಿ ಜಾಗಗಳು ಏಕೆ ಉಳಿಯುತ್ತವೆ ಎಂಬುದನ್ನು ನೋಡೋಣ. ಜಪಾನಿನ ಈ ಆಟದ ಒಟ್ಟು ಗಾತ್ರ 512 ಕಿಲೋಬೈಟ್. ಇಂದಿನ ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಫೋಟೊ ಇದರ ಎಷ್ಟೋ ಪಟ್ಟು ದೊಡ್ಡದು. ಇಷ್ಟು ಇಕ್ಕಟ್ಟಿನಲ್ಲಿ ಬೇಡದ್ದನ್ನು ಅಳಿಸಿಹಾಕಿ ಜಾಗ ಉಳಿಸಬಾರದೆ? ಅದು ಅಷ್ಟು ಸುಲಭವಲ್ಲ. ಯಂತ್ರಕ್ಕೆ ಹೆಸರುಗಳು ಗೊತ್ತಿಲ್ಲ, ಸಂಖ್ಯೆಗಳು ಮಾತ್ರ ಗೊತ್ತು. ಒಂದು ಬೀದಿಯಲ್ಲಿ 31ನೇ ನಂಬರಿನ ಮನೆ ಕೆಡವಿದರೆ 32ನೇ ಮನೆಯವರು 31 ಆಗುವುದಿಲ್ಲ. ಹಾಗೇನಾದರೂ ನಂಬರು ಬದಲಿಸಿದರೆ ಅಂಚೆಯವನು ಇಡೀ ಬೀದಿಯ ಕಾಗದಗಳನ್ನು ತಪ್ಪು ಮನೆಗೆ ಹಾಕುತ್ತಾನೆ. ಆಟದಲ್ಲಿಯೂ ಅಷ್ಟೇ. ಒಂದು ಜೀವಿಯನ್ನು ಪಟ್ಟಿಯಿಂದ ಪೂರ್ತಿ ಕಿತ್ತುಹಾಕಿದರೆ ಅದರ ಕೆಳಗಿನ ಎಲ್ಲ ಸಂಖ್ಯೆಗಳೂ ಜಾರುತ್ತವೆ. ಕಾಡಿನಲ್ಲಿ ಇಲಿ ಬರಬೇಕಾದ ಕಡೆ ಹಾವು ಬರುತ್ತದೆ. ಆದ್ದರಿಂದ ಪ್ರೋಗ್ರಾಮರ್‌ಗಳು ಸಂಖ್ಯೆಯನ್ನು ಹಾಗೆಯೇ ಬಿಟ್ಟು ಅದರ ಮೇಲೆ ಒಂದು ಹುಸಿ ಹೆಸರು ಬರೆಯುತ್ತಾರೆ. ಜಪಾನಿನ ಆಟಗಳಲ್ಲಿ ಅನೇಕ ಕಡೆ ಇದಕ್ಕೆ 'ಡಮ್ಮಿ' ಎಂದೇ ಬರೆದಿರುತ್ತದೆ. ಪೋಕೆಮಾನ್ ಜೀವಿಗಳ ಪಟ್ಟಿಯಲ್ಲಿ ಆ ಹುಸಿ ಹೆಸರು 'ಮಿಸ್ಸಿಂಗ್‌ನೋ.' ಅಂದರೆ ಕಾಣೆಯಾದ ನಂಬರು.

ಇದು ಕಂಪ್ಯೂಟರ್ ಯುಗದ ಹೊಸ ಉಪಾಯವೇನೂ ಅಲ್ಲ. ಸೊನ್ನೆ ಮೊದಲು ಬಳಕೆಗೆ ಬಂದದ್ದೇ ಹೀಗೆ, ಬೇರೆ ಅಂಕಿಗಳು ತಮ್ಮ ಸ್ಥಾನದಿಂದ ಜಾರದಂತೆ ತಡೆಯುವ ಗುರುತಾಗಿ. ಭಾರತದ 'ಶೂನ್ಯ' ಅರಬಿಯಲ್ಲಿ 'ಸಿಫ್ರ್' ಆಯಿತು. ಎರಡಕ್ಕೂ ಅರ್ಥ ಖಾಲಿ. ಅಲ್ಲಿಂದ ಲ್ಯಾಟಿನ್ ಮೂಲಕ ಯುರೋಪಿಗೆ ಹೋಗಿ ಝೀರೋ ಮತ್ತು ಸೈಫರ್ ಎಂಬ ಎರಡೂ ಪದಗಳಾದವು. ಖಾಲಿ ಎಂಬ ಅರ್ಥದ ಪದ ಗುಪ್ತಲಿಪಿ ಎಂಬ ಅರ್ಥವನ್ನೂ ಪಡೆದುಕೊಂಡದ್ದು ನಮ್ಮ ಈ ವಿಷಯಕ್ಕೆ ಹೇಳಿಮಾಡಿಸಿದಂತಿದೆ.

ಈಗ ಆ 190ರ ಪಟ್ಟಿಯನ್ನು ಮೇಲಿನಿಂದ ಓದೋಣ. ಆಟಗಾರನಿಗೆ ಕಾಣುವ ಕ್ರಮವೇ ಬೇರೆ. ಅಲ್ಲಿ ಮೊದಲನೆಯದು ಬಲ್ಬಸಾರ್ ಎಂಬ ಪುಟ್ಟ ಜೀವಿ. ಒಳಗಿನ ಪಟ್ಟಿಯಲ್ಲಿ ಮೊದಲನೆಯದು ರೈಡಾನ್, ಖಡ್ಗಮೃಗದ ಹಾಗಿರುವ ಒಂದು ಭಾರೀ ಜೀವಿ. ತಾವು ಮೊದಲು ರೂಪಿಸಿದ್ದು ಇದನ್ನೇ ಎಂದು ಚಿತ್ರಕಾರ ಕೆನ್ ಸುಗಿಮೊರಿ ಹೇಳಿದ್ದಾರೆ. ಅಂದರೆ ಒಳಗಿನ ಕ್ರಮ ಬಹುಮಟ್ಟಿಗೆ ಹುಟ್ಟಿದ ಕ್ರಮ. ಬಲ್ಬಸಾರ್ ಇರುವುದು 153ನೇ ಸ್ಥಾನದಲ್ಲಿ. ಅದು ಬೆಳೆದ ಮೇಲೆ ತಾಳುವ ರೂಪವಾದ ಐವಿಸಾರ್ 9ನೆಯದು. ದೊಡ್ಡದು ಮೊದಲು ಹುಟ್ಟಿ ಅದರ ಮರಿಯನ್ನು ಆಮೇಲೆ ಕಲ್ಪಿಸಿಕೊಂಡಿದ್ದಾರೆ! ಕಂಪನಿಯ ಮುಖವೇ ಆಗಿಬಿಟ್ಟಿರುವ ಪಿಕಾಚುವಿನ ಸ್ಥಾನ 84. ಅದನ್ನು ರೂಪಿಸುವಾಗ ಅದಕ್ಕೆ ಯಾವ ವಿಶೇಷ ಮರ್ಯಾದೆಯೂ ಇದ್ದಂತಿಲ್ಲ.

ನಡುನಡುವೆ ಖಾಲಿ ಸ್ಥಾನಗಳು ಬರುತ್ತವೆ. 31 ಮತ್ತು 32 ಖಾಲಿ. ಹೀಗೆಯೇ ಮುಂದೆ ಮುಂದೆ. 182ರಿಂದ 184ರವರೆಗಿನ ಮೂರು ಸ್ಥಾನಗಳನ್ನು ಮಾತ್ರ ಬೇರೆ ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಎರಡರಲ್ಲಿ ವಸ್ತುಸಂಗ್ರಹಾಲಯದಲ್ಲಿ ತೋರಿಸುವ ಪಳೆಯುಳಿಕೆಗಳ ಚಿತ್ರ, ಒಂದರಲ್ಲಿ ಗೋಪುರದ ಪ್ರೇತದ ಚಿತ್ರ. ಉಳಿದವುಗಳಿಗೆ ಚಿತ್ರವೂ ಇಲ್ಲ. ಆದರೆ ಒಂದು ಸಂಗತಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಆಟದಲ್ಲಿ ಪ್ರತಿ ಜೀವಿಗೂ ಒಂದು ಕೂಗು ಇದೆ, ಕೂಗುಗಳ ಪಟ್ಟಿ ಬೇರೆಯೇ ಇದೆ. ಆ ಪಟ್ಟಿಯಲ್ಲಿ ಕೆಲವು ಖಾಲಿ ಸಂಖ್ಯೆಗಳ ಮುಂದೆ ಕೂಗಿನ ವಿವರ ಹಾಗೆಯೇ ಉಳಿದಿದೆ. ಹೆಸರನ್ನು ಅಳಿಸಿದವರು, ಚಿತ್ರವನ್ನು ಅಳಿಸಿದವರು ದನಿಯನ್ನು ಅಳಿಸಲು ಮರೆತರು. ಆಟಕ್ಕೆ ಸೇರದೇ ಹೋದ ಆ ಜೀವಿಗಳಿಂದ ಈ ಕಾರ್ಟ್ರಿಜ್‌ನಲ್ಲಿ ಉಳಿದಿರುವುದು ಅಷ್ಟೇ.

ವಸ್ತುಗಳ ಪಟ್ಟಿ ಇನ್ನೂ ಸ್ವಾರಸ್ಯಕರ. ಆಟಗಾರನ ಚೀಲದಲ್ಲಿ ಇರಬಹುದಾದ ಔಷಧಿ, ಚೆಂಡು, ಸೈಕಲ್ ಮುಂತಾದವುಗಳ ಪಟ್ಟಿಯಿದು. ಸೈಕಲ್ಲಿನ ಸಂಖ್ಯೆ 6. ಅದರ ಪಕ್ಕದ 7ನೇ ವಸ್ತುವಿನ ಹೆಸರು ಐದು ಪ್ರಶ್ನೆಚಿಹ್ನೆಗಳು, ಮತ್ತೇನಿಲ್ಲ. ಆಟದಲ್ಲಿ ಇದು ಎಲ್ಲಿಯೂ ಸಿಗುವುದಿಲ್ಲ. ಸಂಕೇತವನ್ನು ತಿದ್ದಿ ಇದನ್ನು ಚೀಲಕ್ಕೆ ತರಿಸಿ ನೀರಿನ ದಂಡೆಯಲ್ಲಿ ಬಳಸಿದರೆ ಆಟಗಾರ ನೀರಿನ ಮೇಲೆ ತೇಲುತ್ತಾನೆ! ಅಂತಿಮ ಆಟದಲ್ಲಿ ನೀರು ದಾಟಬೇಕಾದರೆ ಪಳಗಿಸಿದ ಜೀವಿಗೆ ಈಜುವ ವಿದ್ಯೆ ಕಲಿಸಿ ಅದರ ಬೆನ್ನೇರಬೇಕು. ನೆಲಕ್ಕೆ ಸೈಕಲ್ ಇರುವಂತೆ ನೀರಿಗೂ ಒಂದು ಸಾಧನ ಕೊಡುವುದು ಮೊದಲ ಯೋಜನೆಯಾಗಿತ್ತೆಂದು ಈ ನೆರೆಹೊರೆಯ ಸಂಖ್ಯೆಗಳಿಂದ ನಾವು ಊಹಿಸಬಹುದು. ಈ ಒಂದು ಬದಲಾವಣೆಯಿಂದ ಆಟದ ಸ್ವಭಾವವೇ ಬೇರೆಯಾಯಿತು ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ಕಾದಾಟದ ಸರಕಾಗಿದ್ದ ಜೀವಿ ಇದರಿಂದ ದಾರಿಯ ಜೊತೆಗಾರನಾಯಿತು.

ಜಾಗದ ಅಭಾವ ಎಷ್ಟಿತ್ತೆಂಬುದೂ ಇದೇ ಪಟ್ಟಿಯಿಂದ ಗೊತ್ತಾಗುತ್ತದೆ. ಗೆದ್ದವರಿಗೆ ಕೊಡುವ ಪದಕಗಳು ಇಲ್ಲಿ 'ವಸ್ತು'ಗಳಾಗಿ ಇವೆ, ಆದರೆ ಅವು ಎಂದೂ ಚೀಲಕ್ಕೆ ಬರುವುದಿಲ್ಲ. ಮೊದಲ ಪದಕದ ಸಂಖ್ಯೆಗೇ ಇನ್ನೊಂದು ಕೆಲಸ ಹಚ್ಚಿದ್ದಾರೆ: ಸಫಾರಿ ಕಾಡಿನಲ್ಲಿ ಜೀವಿಗಳಿಗೆ ಎಸೆಯುವ ತಿನಿಸು ಅದೇ ಸಂಖ್ಯೆ. ಎರಡನೇ ಪದಕದ ಸಂಖ್ಯೆ ಅಲ್ಲಿ ಎಸೆಯುವ ಕಲ್ಲು. ಹಾಗಾಗಿ ಯಾವುದಾದರೂ ಉಪಾಯದಿಂದ ಪದಕವನ್ನು ಚೀಲಕ್ಕೆ ತಂದು ಬಳಸಿದರೆ ಅದು ತಿನಿಸಿನಂತೆ ವರ್ತಿಸುತ್ತದೆ. ಪಟ್ಟಿಯ ಕೊನೆಯ ಭಾಗದಲ್ಲಿ ಲಿಫ್ಟಿನ ಮಹಡಿಗಳೇ ಇವೆ: ಒಂದನೇ ಮಹಡಿ, ಎರಡನೇ ಮಹಡಿ, ಹೀಗೆ ಹನ್ನೊಂದರವರೆಗೆ, ನೆಲಮಾಳಿಗೆಗಳೂ ಸೇರಿ. ಲಿಫ್ಟಿಗೆ ಬೇರೆ ಮೆನು ಬರೆಯುವ ಬದಲು ವಸ್ತುಗಳ ಮೆನುವನ್ನೇ ಅಲ್ಲಿ ತೋರಿಸಿದ್ದಾರೆ. ಬಡವರ ಮನೆಯಲ್ಲಿ ಒಂದೇ ಪಾತ್ರೆ ಅನ್ನಕ್ಕೂ ಆಗಿ ಸಾರಿಗೂ ಆಗುವಂತೆ!

ಖಾಲಿ ಜಾಗ ಖಾಲಿಯಾಗಿಯೇ ಇದ್ದರೆ ಇಷ್ಟೆಲ್ಲ ಯಾರಿಗೂ ತಿಳಿಯುತ್ತಿರಲಿಲ್ಲ. 1998ರ ಸೆಪ್ಟೆಂಬರ್‌ನಲ್ಲಿ ಆಟ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅಲ್ಲಿನ ಮಕ್ಕಳು ಸ್ವಲ್ಪ ಕಾಲದಲ್ಲೇ ಒಂದು ವಿಚಿತ್ರವನ್ನು ಕಂಡುಹಿಡಿದರು. ಆಟದ ಒಂದು ಊರಿನಲ್ಲಿ ಮುದುಕನೊಬ್ಬ ಜೀವಿಯನ್ನು ಹಿಡಿಯುವುದು ಹೇಗೆಂದು ತೋರಿಸುತ್ತಾನೆ. ಆ ಹೊತ್ತಿಗೆ ಪರದೆಯ ಮೇಲೆ ಅವನ ಹೆಸರು ಬರಬೇಕು. ಆದ್ದರಿಂದ ಆಟಗಾರನ ಹೆಸರನ್ನು ಯಂತ್ರ ಬೇರೊಂದು ಕಡೆ ಎತ್ತಿಡುತ್ತದೆ. ಎಲ್ಲಿ? ಕಾಡಿನಲ್ಲಿ ಎದುರಾಗುವ ಜೀವಿಗಳ ಪಟ್ಟಿ ಇರುವ ಜಾಗದಲ್ಲಿ. ಬೇರೆ ಕಾಡಿಗೆ ಹೋದರೆ ಆ ಜಾಗದಲ್ಲಿ ಹೊಸ ಪಟ್ಟಿ ಬಂದು ಕೂರುತ್ತದೆ, ಏನೂ ತೊಂದರೆಯಿಲ್ಲ. ಆದರೆ ಅಲ್ಲಿಂದ ನೇರವಾಗಿ ಸಿನಬಾರ್ ಎಂಬ ದ್ವೀಪಕ್ಕೆ ಹಾರಿ ಅದರ ಪೂರ್ವದ ದಂಡೆಗುಂಟ ಈಜಿದರೆ, ದ್ವೀಪಕ್ಕೆ ತನ್ನದೇ ಪಟ್ಟಿ ಇಲ್ಲದ ಕಾರಣ, ಯಂತ್ರ ಆಟಗಾರನ ಹೆಸರಿನ ಅಕ್ಷರಗಳನ್ನೇ ಜೀವಿಗಳ ಸಂಖ್ಯೆಗಳೆಂದು ಓದುತ್ತದೆ. ಆ ಸಂಖ್ಯೆ ಖಾಲಿ ಸ್ಥಾನದ್ದಾದರೆ ಮಿಸ್ಸಿಂಗ್‌ನೋ. ಎದುರು ಬಂದು ನಿಲ್ಲುತ್ತದೆ, ಹರಿದ ಬಟ್ಟೆಯ ತುಂಡಿನಂಥ ಒಂದು ಆಕೃತಿ.

ಅದನ್ನು ನೋಡಿದವರ ಚೀಲದ ಆರನೇ ವಸ್ತು 128ರಷ್ಟು ಹೆಚ್ಚಾಗುತ್ತಿತ್ತು. ಮಕ್ಕಳಿಗೆ ಇದು ಮಾಯೆಯಂತೆ ಕಂಡಿತು. ಕಾರಣ ಸರಳ ಲೆಕ್ಕ. ಖಾಲಿ ಜೀವಿಗೆ ಆಟಗಾರನ ಪಟ್ಟಿಯಲ್ಲಿ ಕೊಟ್ಟ ನಂಬರು ಸೊನ್ನೆ. ಜೀವಿಯನ್ನು ನೋಡಿದ ಗುರುತು ಹಾಕುವ ಮೊದಲು ಯಂತ್ರ ಆ ನಂಬರಿನಿಂದ ಒಂದನ್ನು ಕಳೆಯುತ್ತದೆ. ಎಂಟು ಬಿಟ್‌ಗಳ ಆ ಯಂತ್ರಕ್ಕೆ ಋಣಸಂಖ್ಯೆ ಗೊತ್ತಿಲ್ಲ. ಸೊನ್ನೆಯಲ್ಲಿ ಒಂದು ಕಳೆದರೆ ಅದಕ್ಕೆ 255. ಗುರುತು ತನ್ನ ಪುಟವನ್ನು ದಾಟಿ ಹೋಗಿ ಚೀಲದ ಆರನೇ ವಸ್ತುವಿನ ಎಣಿಕೆಯ ಮೇಲೆ ಬೀಳುತ್ತದೆ. 1999ರ ಮೇ ತಿಂಗಳ 'ನಿಂಟೆಂಡೊ ಪವರ್' ಪತ್ರಿಕೆಯಲ್ಲಿ ಕಂಪನಿಯೇ ಈ ವಿಷಯ ಬರೆಯಿತು, ಆಟ ಕೆಡಬಹುದೆಂದು ಎಚ್ಚರಿಸಿತು. ಮಕ್ಕಳು ಎಚ್ಚರಿಕೆಯನ್ನು ದಾರಿಯ ವಿವರದಂತೆ ಓದಿಕೊಂಡರು.

ಇಂಥದೇ ಘಟನೆ ಅದಕ್ಕೂ ಮೊದಲು, 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿಯೂ ನಡೆದಿತ್ತು. ಗೋಡೆಯ ಸಂದಿನಿಂದ ನುಸುಳಿ ಒಂದು ಕೊಳವೆಗೆ ಇಳಿದವರು 'ವರ್ಲ್ಡ್ -1' ಎಂಬ ಮುಗಿಯದ ನೀರಿನ ಲೋಕಕ್ಕೆ ಬೀಳುತ್ತಿದ್ದರು. ಅದು ನಿಜವಾಗಿ 36ನೇ ಲೋಕ. 36 ಎಂಬುದು ಆ ಆಟದಲ್ಲಿ ಖಾಲಿ ಚೌಕದ ಸಂಕೇತ! ಪರದೆಯ ಮೇಲೆ ಲೋಕದ ನಂಬರಿನ ಜಾಗದಲ್ಲಿ ಏನೂ ಕಾಣದೆ, ಮುಂದಿನ ಅಡ್ಡಗೆರೆ ಋಣಚಿಹ್ನೆಯಂತೆ ಕಂಡಿತು, ಅಷ್ಟೇ.

ಇನ್ನು 151ನೆಯ ಜೀವಿಯ ಕಥೆ. 150 ಎಂದು ಹೇಳಿ 151 ಇದ್ದದ್ದು ಹೇಗೆ? ಆಟದ ಕಥೆಯೊಳಗೆ ಪಾಳುಬಿದ್ದ ಒಂದು ಬಂಗಲೆಯ ದಿನಚರಿಗಳಲ್ಲಿ ದಕ್ಷಿಣ ಅಮೆರಿಕದ ಗಯಾನಾದ ಕಾಡಿನಲ್ಲಿ ಸಿಕ್ಕ ಮ್ಯೂ ಎಂಬ ಜೀವಿಯ ಪ್ರಸ್ತಾಪವಿತ್ತು. ಆದರೆ ಅದನ್ನು ಹಿಡಿಯುವ ದಾರಿ ಇರಲಿಲ್ಲ. ಗೇಮ್ ಫ್ರೀಕ್ ಒಂದು ಸಣ್ಣ ಸಂಸ್ಥೆ. 1983ರಲ್ಲಿ ಸತೋಷಿ ತಾಜಿರಿ ಎಂಬ ಹುಡುಗ ಹೊರತರುತ್ತಿದ್ದ ಆಟಗಳ ಬಗೆಗಿನ ಪುಟ್ಟ ಪತ್ರಿಕೆಯ ಹೆಸರದು, ಅದೇ ಮುಂದೆ ಕಂಪನಿಯಾಯಿತು. ಪೋಕೆಮಾನ್ ತಯಾರಿಸಲು ಅವರಿಗೆ ಆರು ವರ್ಷ ಬೇಕಾಯಿತು. ಕೊನೆಯಲ್ಲಿ ಕಾರ್ಟ್ರಿಜ್ ತುಂಬಿ ತುಳುಕುತ್ತಿತ್ತು. ತಪ್ಪು ಹುಡುಕಲು ಹಾಕಿದ್ದ ಪರೀಕ್ಷಾ ಸಲಕರಣೆಗಳನ್ನು ತೆಗೆದಾಗ ಸುಮಾರು 300 ಬೈಟ್ ಜಾಗ ಬಿಡುವಾಯಿತು. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಆ ಜಾಗದಲ್ಲಿ ಮ್ಯೂವನ್ನು ತೂರಿಸಿದರು.

ಪರೀಕ್ಷೆ ಮುಗಿದ ಮೇಲೆ ಒಂದು ಅಕ್ಷರವನ್ನೂ ಮುಟ್ಟಬಾರದೆಂಬುದು ಈ ಕಸುಬಿನ ಕಟ್ಟುನಿಟ್ಟಿನ ನಿಯಮ. ಕಾರ್ಟ್ರಿಜ್‌ನ ಚಿಪ್ಪಿನಲ್ಲಿ ಸಂಕೇತವನ್ನು ಕಾರ್ಖಾನೆಯಲ್ಲೇ ಕೊರೆದುಬಿಡುತ್ತಾರೆ, ತಪ್ಪಾದರೆ ತಿದ್ದುವಂತಿಲ್ಲ. ಮೊರಿಮೊಟೊ ತಾವೇ 2009ರಲ್ಲಿ, ಆಗ ನಿಂಟೆಂಡೊ ಅಧ್ಯಕ್ಷರಾಗಿದ್ದ ಸತೋರು ಇವಾಟ ಅವರೊಡನೆ ನಡೆಸಿದ ಮಾತುಕತೆಯಲ್ಲಿ ಇದನ್ನು ಹೇಳಿಕೊಂಡು, ಇಂದು ಇಂಥದ್ದನ್ನು ಊಹಿಸಲೂ ಆಗದು ಎಂದಿದ್ದಾರೆ. ಅವರು ಹೇಳದೇ ಇದ್ದರೂ ಕಾರ್ಟ್ರಿಜ್ ಹೇಳುತ್ತಿತ್ತು. ಉಳಿದ 150 ಜೀವಿಗಳ ಗುಣಲಕ್ಷಣಗಳು ಒಂದೇ ಕಡೆ ಸಾಲಾಗಿ ಇವೆ; ಮ್ಯೂವಿನದು ಮಾತ್ರ ದೂರದಲ್ಲಿ ಒಂಟಿಯಾಗಿ ಕೂತಿದೆ. ಸಂಖ್ಯೆಯ ಪಟ್ಟಿಯಲ್ಲಿ ಮಾತ್ರ ಅದರ ಸ್ಥಾನ ಬಹಳ ಮೇಲೆ, 21ರಲ್ಲಿ. ಊಟದ ಪಂಕ್ತಿಯಲ್ಲಿ ಎಲೆ ಮೊದಲೇ ಹಾಕಿತ್ತು, ಅತಿಥಿ ಬಂದು ಕೂತದ್ದು ಕಟ್ಟಕಡೆಗೆ.

ಆಟದ ದೋಷಗಳಿಂದಾಗಿ ಕೆಲವರಿಗೆ ಮ್ಯೂ ಆಕಸ್ಮಿಕವಾಗಿ ಸಿಕ್ಕಿತು. ಸುದ್ದಿ ಹಬ್ಬಿತು. 1996ರ ಏಪ್ರಿಲ್‌ನಲ್ಲಿ 'ಕೊರೊಕೊರೊ' ಎಂಬ ಮಕ್ಕಳ ಪತ್ರಿಕೆ 20 ಮಂದಿಗೆ ಮ್ಯೂ ಕೊಡುವುದಾಗಿ ಪ್ರಕಟಿಸಿದಾಗ ಸುಮಾರು 78,000 ಅರ್ಜಿಗಳು ಬಂದವು. ಗೇಮ್ ಬಾಯ್ ಬಂದು ಆಗಲೇ ಏಳು ವರ್ಷವಾಗಿತ್ತು, ಅದರ ಕಾಲ ಮುಗಿಯಿತೆಂದು ಎಲ್ಲರೂ ಭಾವಿಸಿದ್ದರು. ಮಂದಗತಿಯಲ್ಲಿದ್ದ ಮಾರಾಟ ಅಲ್ಲಿಂದ ಏರತೊಡಗಿತು. ಅಮೆರಿಕದಲ್ಲಿ ಇನ್ನೊಂದು ವದಂತಿ: ಬಂದರಿನ ಹಡಗಿನ ಪಕ್ಕ ನಿಂತಿರುವ ಲಾರಿಯ ಅಡಿಯಲ್ಲಿ ಮ್ಯೂ ಇದೆಯೆಂದು. ಇಡೀ ಆಟದಲ್ಲಿ ಇರುವುದು ಒಂದೇ ಲಾರಿ, ಅದಕ್ಕೆ ಏನೂ ಕೆಲಸವಿಲ್ಲ. ಕೆಲಸವಿಲ್ಲದ ವಸ್ತುವಿನ ಹಿಂದೆ ಗುಟ್ಟು ಇರಲೇಬೇಕೆಂದು ಮಕ್ಕಳು ನಂಬಿದರು. ಅಲ್ಲಿ ಏನೂ ಇರಲಿಲ್ಲ. 2004ರಲ್ಲಿ ಆಟವನ್ನು ಹೊಸದಾಗಿ ಮಾಡಿದಾಗ ತಯಾರಕರು ಆ ಲಾರಿಯ ಬಳಿ ಒಂದು ಬಿಸ್ಕತ್ತನ್ನು ಇಟ್ಟರು!

ಮೊರಿಮೊಟೊ ಅವರದು ತುಂಟತನ. ಇವರಿಗಿಂತ ಹದಿನೇಳು ವರ್ಷ ಮೊದಲು ಅಮೆರಿಕದ ಅಟಾರಿ ಕಂಪನಿಯಲ್ಲಿ ವಾರೆನ್ ರಾಬಿನೆಟ್ ಮಾಡಿದ್ದು ಪ್ರತಿಭಟನೆ. ಅಟಾರಿ ತನ್ನ ಆಟಗಳ ಮೇಲೆ ಅವುಗಳನ್ನು ರೂಪಿಸಿದವರ ಹೆಸರು ಹಾಕುತ್ತಿರಲಿಲ್ಲ. ಲಾಭದಲ್ಲಿ ಪಾಲೂ ಇರಲಿಲ್ಲ. ಕೇವಲ 4 ಕಿಲೋಬೈಟ್‌ನ 'ಅಡ್ವೆಂಚರ್' ಆಟದಲ್ಲಿ ರಾಬಿನೆಟ್ ಒಂದು ಗುಪ್ತ ಕೋಣೆ ಕಟ್ಟಿ, ಅದರೊಳಗೆ ಇದನ್ನು ಮಾಡಿದವನು ತಾನೆಂದು ಹೆಸರು ಬರೆದರು. ಅಲ್ಲಿಗೆ ಹೋಗುವ ಬೀಗದ ಕೈ ಹಿನ್ನೆಲೆಯ ಬಣ್ಣದಲ್ಲೇ ಬೆರೆತುಹೋಗುವ ಒಂದು ಚುಕ್ಕೆ. ಯಾರಿಗೂ ಹೇಳದೆ 1979ರಲ್ಲಿ ಕೆಲಸ ಬಿಟ್ಟರು. ಮರುವರ್ಷ 15 ವಯಸ್ಸಿನ ಬಾಲಕನೊಬ್ಬ ಇದನ್ನು ಪತ್ತೆಹಚ್ಚಿ ಕಂಪನಿಗೆ ಕಾಗದ ಬರೆದಾಗಲೇ ಅಟಾರಿಗೆ ವಿಷಯ ತಿಳಿದದ್ದು. ಕ್ರೈಸ್ತರ ಈಸ್ಟರ್ ಹಬ್ಬದಲ್ಲಿ ಮಕ್ಕಳು ಹುಡುಕಲೆಂದು ಮೊಟ್ಟೆ ಬಚ್ಚಿಡುವ ರೂಢಿಯಿಂದ ಇಂಥವುಗಳಿಗೆ 'ಈಸ್ಟರ್ ಎಗ್' ಎಂಬ ಹೆಸರು ಬಂತು. ಮುದ್ದಾದ ಹೆಸರು. ಅದರ ಹಿಂದೆ ಇದ್ದದ್ದು ಕೂಲಿ ಮತ್ತು ಮರ್ಯಾದೆಯ ಪ್ರಶ್ನೆ. ಅದೇ ಕಾರಣಕ್ಕೆ ಅದೇ ವರ್ಷ ಅಟಾರಿಯಿಂದ ಹೊರಬಂದ ಪ್ರೋಗ್ರಾಮರ್‌ಗಳು ಆಕ್ಟಿವಿಷನ್ ಕಂಪನಿ ಕಟ್ಟಿದರು.

ಈ ಹಿನ್ನೆಲೆಯಲ್ಲಿ 1999ರ ಪೋಕೆಮಾನ್ ಗೋಲ್ಡ್ ಮತ್ತು ಸಿಲ್ವರ್ ಆಟಗಳ ವಸ್ತುಪಟ್ಟಿಯನ್ನು ನೋಡಬೇಕು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಖಾಲಿ ಸ್ಥಾನಗಳಲ್ಲಿ 'ಡಮ್ಮಿ' ಎಂದಾಗಲೀ ಪ್ರಶ್ನೆಚಿಹ್ನೆಯಾಗಲೀ ಇಲ್ಲ. ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ: 'ತೆರು-ಸಾಮ'. ಸಾಮ ಎಂಬುದು ಜಪಾನಿನಲ್ಲಿ ಹೆಸರಿನ ಮುಂದೆ ಸೇರಿಸುವ ಗೌರವಸೂಚಕ. ನಮ್ಮಲ್ಲಾದರೆ 'ತೆರು ಸಾಹೇಬರು' ಎನ್ನುತ್ತಿದ್ದೆವು. ಯಾವ ಆಟಗಾರನೂ ತೆರೆಯದ ಕೋಣೆಗಳ ಬಾಗಿಲಿಗೆಲ್ಲ ಹಾಕಿದ ಒಂದೇ ನಾಮಫಲಕ ಇದು. ಇಂಗ್ಲಿಷಿಗೆ ಭಾಷಾಂತರಿಸಿದವರೂ ಅದನ್ನು ಹಾಗೆಯೇ ಬಿಟ್ಟರು.

ಬಳಸದೆ ಬಿಟ್ಟದ್ದು ಯಾವಾಗಲೂ ಇಷ್ಟು ನಿರುಪದ್ರವಿಯಲ್ಲ. 2004ರಲ್ಲಿ ಬಂದ ಗ್ರಾಂಡ್ ಥೆಫ್ಟ್ ಆಟೋ ಸರಣಿಯ 'ಸ್ಯಾನ್ ಆಂಡ್ರಿಯಾಸ್' ಆಟದಲ್ಲಿ ಒಂದು ಅಶ್ಲೀಲ ಭಾಗವನ್ನು ತಯಾರಕರು ಕಿತ್ತುಹಾಕದೆ ಬರೀ ಬೀಗ ಹಾಕಿ ಬಿಟ್ಟಿದ್ದರು. 2005ರ ಜೂನ್‌ನಲ್ಲಿ ಹೊರಗಿನವರೊಬ್ಬರು ಬೀಗ ತೆರೆದರು. ಕಂಪನಿ ಮೊದಲು ದೋಷವನ್ನು ಹ್ಯಾಕರ್‌ಗಳ ಮೇಲೆ ಹೊರಿಸಿತು. ಆದರೆ ಆ ಭಾಗ ಅಂಗಡಿಯಲ್ಲಿ ಮಾರಿದ ಡಿಸ್ಕಿನಲ್ಲೇ ಇತ್ತು. ಜುಲೈನಲ್ಲಿ ಆಟದ ದರ್ಜೆಯನ್ನು ವಯಸ್ಕರಿಗೆ ಮಾತ್ರ ಎಂದು ಬದಲಿಸಲಾಯಿತು, ದೊಡ್ಡ ಅಂಗಡಿಗಳು ಅದನ್ನು ಹಿಂತೆಗೆದವು. ಆಟಗಾರನಿಗೆ ಕಾಣದಿದ್ದರೂ ಡಿಸ್ಕಿನಲ್ಲಿ ಇರುವುದನ್ನೆಲ್ಲ ಘೋಷಿಸಬೇಕೆಂಬ ನಿಯಮ ಅಮೆರಿಕದಲ್ಲಿ ಬಂದದ್ದು ಆ ಬಳಿಕ. ಪೋಷಕರ ದೃಷ್ಟಿಯಿಂದ ಇದು ನ್ಯಾಯವಾದ ನಿಯಮ. ತಾವು ಮಾರಿದ್ದಕ್ಕೆ ತಾವು ಹೊಣೆಯಲ್ಲ ಎನ್ನಲು ಬರುವುದಿಲ್ಲ.

ಹಾಗಾದರೆ ಕಾರ್ಟ್ರಿಜ್‌ನ ಒಳಗನ್ನು ಓದುವ ಹಕ್ಕು ಯಾರಿಗಿದೆ? ಇಲ್ಲಿ ಎರಡು ಬಗೆಯ ಓದನ್ನು ಬೇರೆಬೇರೆಯಾಗಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಮೇಲೆ ಹೇಳಿದ ವಿವರಗಳಲ್ಲಿ ಬಹುಪಾಲು, ಮಾರಾಟವಾದ ಆಟವನ್ನೇ ಬೈಟ್ ಬೈಟ್ ಬಿಚ್ಚಿ ಓದಿದ ಹವ್ಯಾಸಿಗಳ ವರ್ಷಗಟ್ಟಲೆಯ ಶ್ರಮದಿಂದ ತಿಳಿದುಬಂದವು. ಇನ್ನೊಂದು ಬಗೆ ಕಳ್ಳತನದ್ದು. 2024ರಲ್ಲಿ ಗೇಮ್ ಫ್ರೀಕ್ ಕಂಪನಿಯ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿದಾಗ ಹಳೆಯ ಕರಡುಗಳ ಜೊತೆಗೆ ನೌಕರರ ಖಾಸಗಿ ವಿವರಗಳೂ ಹೊರಬಿದ್ದವು. ಪಟ್ಟಿಯ 31ನೇ ಸ್ಥಾನದಲ್ಲಿ ಏನಿತ್ತೆಂಬ ಕುತೂಹಲಕ್ಕೆ ಒಬ್ಬ ನೌಕರನ ವಿಳಾಸವನ್ನು ಬೆಲೆಯಾಗಿ ಕೊಡಲಾಗದು.

ಆದರೆ ನೇರವಾದ ದಾರಿಗಳೂ ಮುಚ್ಚುತ್ತಿವೆ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಮರುಮುದ್ರಣವಾಗುವ ಆಟಗಳಲ್ಲಿ ಹಳೆಯ ದೋಷಗಳನ್ನು ತಿದ್ದಿರುವುದೂ ಉಂಟು. ಚರಿತ್ರಕಾರನಿಗೆ ಬೇಕಾದುದು ಆ ದೋಷಗಳೇ. ಮುದ್ರಣ ನಿಂತುಹೋದ ಆಟಗಳನ್ನು ಸಂಶೋಧಕರು ದೂರದಿಂದಲೇ ನೋಡಲು ಗ್ರಂಥಾಲಯಗಳಿಗೆ ಅವಕಾಶ ಕೊಡಬೇಕೆಂದು ಅಮೆರಿಕದ ಕೃತಿಸ್ವಾಮ್ಯ ಕಚೇರಿಯನ್ನು ಕೇಳಲಾಗಿತ್ತು. ಜನ ಸಂಶೋಧನೆಯ ಹೆಸರಿನಲ್ಲಿ ಆಟವಾಡಿಯಾರು ಎಂದು ಉದ್ಯಮದ ಸಂಘ ಆಕ್ಷೇಪಿಸಿತು. 2024ರ ಅಕ್ಟೋಬರ್‌ನಲ್ಲಿ ಬೇಡಿಕೆ ತಿರಸ್ಕೃತವಾಯಿತು. ಕಾದಂಬರಿಯನ್ನು ಗ್ರಂಥಾಲಯದಿಂದ ಎರವಲು ತಂದವನು ಖುಷಿಗಾಗಿ ಓದುತ್ತಾನೋ ಪ್ರಬಂಧಕ್ಕಾಗಿ ಓದುತ್ತಾನೋ ಎಂದು ಯಾರೂ ವಿಚಾರಿಸುವುದಿಲ್ಲ. ಆಟದ ವಿಷಯದಲ್ಲಿ ಮಾತ್ರ ಈ ಅನುಮಾನ. ಇಂಥ ವಿನಾಯಿತಿಗಳ ಪರಿಶೀಲನೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ, ಮುಂದಿನ ಸರದಿ 2027ರದು. ಅಲ್ಲಿಯವರೆಗೆ ಈ ಆಟಗಳನ್ನು ಗ್ರಂಥಾಲಯದ ಸಂಗ್ರಹದಲ್ಲಿ ಅಧ್ಯಯನ ಮಾಡಬಯಸುವವರು ಆ ಕಟ್ಟಡಕ್ಕೇ ಹೋಗಿ, ಅಲ್ಲಿಯೇ ಕೂತು ನೋಡಬೇಕು.